ಲೈಸೋಜೈಮ್: ಕಣ್ಣೀರು, ಜೊಲ್ಲು, ಎದೆಹಾಲಿನಲ್ಲಿರುವ ರಕ್ಷಕ ಕಿಣ್ವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೂಕ್ಷ್ಮಜೀವಿಶಾಸ್ತ್ರದ ಪಾಠ ಹೇಳುವ ಕೆಲಸದಲ್ಲಿ ಹಲವು ವರ್ಷಗಳಿಂದ ಇರುವ ನನಗೆ ಈ ಕಿಣ್ವದ ಬಗ್ಗೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗಿಂತ ಹೆಚ್ಚು ಪ್ರಶ್ನೆಗಳನ್ನು ನೆಂಟರು, ನೆರೆಹೊರೆಯವರು, ಹಸುಗೂಸುಗಳ ತಾಯಂದಿರು ಕೇಳಿದ್ದಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಒಂದೆಡೆ ಸೇರಿಸಿ ಉತ್ತರಿಸಿದ್ದೇನೆ.

ಲೈಸೋಜೈಮ್ ಎಂದರೇನು?

ಲೈಸೋಜೈಮ್ ಒಂದು ಕಿಣ್ವ. ಅಂದರೆ ಒಂದು ನಿರ್ದಿಷ್ಟ ರಾಸಾಯನಿಕ ಕ್ರಿಯೆಯನ್ನು ಬಹಳ ವೇಗವಾಗಿ ನಡೆಸಿಕೊಡುವ ಪ್ರೋಟೀನು. ಬ್ಯಾಕ್ಟೀರಿಯಾಗಳ ಹೊರಕವಚವಾದ ಕೋಶಭಿತ್ತಿಯನ್ನು ಕತ್ತರಿಸುವುದೇ ಇದರ ಕೆಲಸ. ಮನುಷ್ಯರ ಲೈಸೋಜೈಮ್ 130 ಅಮೈನೋ ಆಮ್ಲಗಳ ಒಂದೇ ಸರಪಣಿ. ಪ್ರೋಟೀನುಗಳ ಲೆಕ್ಕದಲ್ಲಿ ಇದು ಪುಟ್ಟದು. ಇದನ್ನು ತಯಾರಿಸುವ ಜೀನ್ ನಮ್ಮ 12ನೆಯ ವರ್ಣತಂತುವಿನಲ್ಲಿದೆ. ಸರಪಣಿಯು ಮಡಚಿಕೊಂಡ ಮೇಲೆ ಗಂಧಕದ ನಾಲ್ಕು ಬಂಧಗಳು ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಇತರ ಅನೇಕ ಕಿಣ್ವಗಳು ಕೆಟ್ಟುಹೋಗುವಂತಹ ಸ್ಥಿತಿಯಲ್ಲಿಯೂ ಇದು ಗಟ್ಟಿಯಾಗಿ ಉಳಿಯುತ್ತದೆ. ಕಣ್ಣಿನ ಮೇಲೆ, ಮೂಗಿನಲ್ಲಿ, ಮಗುವಿನ ಹೊಟ್ಟೆಯೊಳಗೆ ಕೆಲಸ ಮಾಡಬೇಕಾದ ಪ್ರೋಟೀನಿಗೆ ಈ ಗಟ್ಟಿತನ ಬೇಕೇ ಬೇಕು.

ನಮ್ಮ ದೇಹದಲ್ಲಿ ಇದು ಎಲ್ಲೆಲ್ಲಿದೆ?

ಹೊರಜಗತ್ತಿಗೆ ತೆರೆದುಕೊಂಡಿರುವ, ಆದರೆ ಚರ್ಮದಷ್ಟು ದಪ್ಪ ಹೊದಿಕೆಯಿಲ್ಲದ ಜಾಗಗಳಲ್ಲೆಲ್ಲ ಇದು ಇದೆ. ಎಲ್ಲಕ್ಕಿಂತ ಸಾಂದ್ರವಾಗಿರುವ ದ್ರವಗಳಲ್ಲಿ ಕಣ್ಣೀರು ಒಂದು. ಒಂದು ಮಿಲಿಲೀಟರ್ ಕಣ್ಣೀರಿನಲ್ಲಿ ಸುಮಾರು 1ರಿಂದ 3 ಮಿಲಿಗ್ರಾಂ ಲೈಸೋಜೈಮ್ ಇರುತ್ತದೆ. ಮೂಗಿನ ಸಿಂಬಳ, ಶ್ವಾಸನಾಳದ ಲೋಳೆ, ಜೊಲ್ಲು, ಎದೆಹಾಲುಗಳಲ್ಲಿಯೂ ಇದೆ. ಸಣ್ಣ ಕರುಳಿನ ಒಳಗೋಡೆಯ ಕುಳಿಗಳ ತಳದಲ್ಲಿ ಪ್ಯಾನೆತ್ ಕೋಶಗಳೆಂಬ ಕೋಶಗಳು ಕುಳಿತಿದ್ದು, ಅವು ಇದನ್ನು ಪುಟ್ಟ ಕಣಗಳಲ್ಲಿ ತುಂಬಿಟ್ಟುಕೊಂಡು ಅಗತ್ಯವಾದಾಗ ಸುರಿಸುತ್ತವೆ. ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣ‌ಗಳು ಮತ್ತು ಅಂಗಾಂಶಗಳಲ್ಲಿರುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶ‌ಗಳು ನುಂಗಿದ ಬ್ಯಾಕ್ಟೀರಿಯಾಗಳನ್ನು ಒಳಗೇ ಕರಗಿಸಲು ಇದನ್ನು ಬಳಸುತ್ತವೆ. ಆರೋಗ್ಯವಂತರ ಮೂತ್ರದಲ್ಲಿ ಮಾತ್ರ ಇದು ಇಲ್ಲವೆನ್ನುವಷ್ಟು ಕಡಿಮೆ.

ಇದು ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತದೆ?

ಸೈಕಲ್ಲಿನ ಚಕ್ರವನ್ನು ನೆನಪಿಸಿಕೊಳ್ಳಿ. ಒಳಗಿನ ಟ್ಯೂಬು ಮೆತ್ತಗಿನದು; ಅದರಲ್ಲಿ ಗಾಳಿ ಒತ್ತಿ ತುಂಬಿದ್ದರೂ ಒಡೆಯದಿರುವುದಕ್ಕೆ ಹೊರಗಿನ ಟೈರು ಕಾರಣ. ಟೈರು ಒಂದೆಡೆ ಸೀಳಿದರೆ ಟ್ಯೂಬು ಆ ಸೀಳಿನಿಂದ ಗುಳ್ಳೆಯಂತೆ ಉಬ್ಬಿ ಢಂ ಎಂದು ಒಡೆಯುತ್ತದೆ. ಬ್ಯಾಕ್ಟೀರಿಯಾದ ಸ್ಥಿತಿಯೂ ಹೀಗೆಯೇ ಇದೆ. ಅದರೊಳಗಿನ ದ್ರವದಲ್ಲಿ ಲವಣ, ಸಕ್ಕರೆ, ಪ್ರೋಟೀನುಗಳು ಕಿಕ್ಕಿರಿದಿರುವುದರಿಂದ ಹೊರಗಿನ ನೀರು ಸದಾ ಒಳನುಗ್ಗಲು ಹವಣಿಸುತ್ತದೆ. ಆ ಒತ್ತಡವನ್ನು ತಡೆದುಕೊಳ್ಳುವುದು ತೆಳು ಪೊರೆಯಲ್ಲ, ಅದರ ಹೊರಗಿರುವ ಕೋಶಭಿತ್ತಿ.

ಈ ಭಿತ್ತಿ ಪೆಪ್ಟಿಡೋಗ್ಲೈಕ್ಯಾನ್ ಎಂಬ ವಸ್ತುವಿನ ಬಲೆ. ಎರಡು ಬಗೆಯ ಸಕ್ಕರೆ ಘಟಕಗಳು ಒಂದು ಬಿಟ್ಟು ಒಂದರಂತೆ ಪೋಣಿಸಿಕೊಂಡು ಉದ್ದನೆಯ ಎಳೆಗಳಾಗಿರುತ್ತವೆ, ಆ ಎಳೆಗಳನ್ನು ಅಮೈನೋ ಆಮ್ಲಗಳ ಗಿಡ್ಡ ತುಂಡುಗಳು ಅಡ್ಡಡ್ಡಲಾಗಿ ಕಟ್ಟಿರುತ್ತವೆ. ಲೈಸೋಜೈಮಿನ ಮೈಮೇಲೆ ಒಂದು ಉದ್ದನೆಯ ಸೀಳಿದೆ. ಸಕ್ಕರೆಯ ಎಳೆಯ ಆರು ಘಟಕಗಳು ಆ ಸೀಳಿನಲ್ಲಿ ಸರಿಯಾಗಿ ಕೂರುತ್ತವೆ, ಮತ್ತು ನಾಲ್ಕನೆಯ ಹಾಗೂ ಐದನೆಯ ಘಟಕಗಳ ನಡುವಿನ ಬಂಧ ನೀರಿನ ಒಂದು ಅಣುವಿನ ನೆರವಿನಿಂದ ತುಂಡಾಗುತ್ತದೆ. ಕತ್ತರಿಸುವ ಬಾಯಿಯಲ್ಲಿ ಎರಡು ಅಮೈನೋ ಆಮ್ಲಗಳು ಎದುರುಬದುರಾಗಿವೆ: 35ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲ ಒಂದು, ಕೋಳಿಯ ಲೈಸೋಜೈಮಿನಲ್ಲಿ 52ನೆಯ ಹಾಗೂ ಮನುಷ್ಯರದರಲ್ಲಿ 53ನೆಯ ಸ್ಥಾನದಲ್ಲಿರುವ ಆಸ್ಪಾರ್ಟಿಕ್ ಆಮ್ಲ ಇನ್ನೊಂದು. ಇಂತಹ ತುಂಡರಿಕೆ ಹಲವು ಕಡೆ ನಡೆದಾಗ ಬಲೆ ಸಡಿಲವಾಗಿ, ನೀರು ನುಗ್ಗಿ, ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ.

ಕತ್ತರಿಸುವ ಕೆಲಸವಲ್ಲದೆ ಇನ್ನೊಂದು ಬಲವೂ ಇದಕ್ಕಿದೆ. ಲೈಸೋಜೈಮಿನ ಮೈಯಲ್ಲಿ ಧನ ವಿದ್ಯುದಂಶ ಹೆಚ್ಚು, ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ಈ ಆಕರ್ಷಣೆಯಿಂದ ಅಂಟಿಕೊಂಡು ಪೊರೆಯನ್ನೇ ಕೆಡಿಸುವುದೂ ಉಂಟು.

ಇದನ್ನು ಕಣ್ಣಾರೆ ನೋಡಲು ಸಾಧ್ಯವೇ?

ಕಾಲೇಜಿನ ಸಾಧಾರಣ ಪ್ರಯೋಗಾಲಯದಲ್ಲೇ ನೋಡಬಹುದು. ಮೈಕ್ರೋಕಾಕಸ್ ಲೂಟಿಯಸ್ ಎಂಬ ಹಳದಿ ಬಣ್ಣದ, ಸಾಮಾನ್ಯವಾಗಿ ನಿರುಪದ್ರವಿಯಾದ ಬ್ಯಾಕ್ಟೀರಿಯಾವನ್ನು, ಆಮ್ಲೀಯತೆ ಬದಲಾಗದಂತೆ ಕಾಯುವ ಬಫರ್ ದ್ರಾವಣದಲ್ಲಿ ಕದಡಿದಾಗ ಅದು ತೆಳುವಾದ ಗಂಜಿಯಂತೆ ಮಬ್ಬಾಗಿ ಕಾಣುತ್ತದೆ. ಆ ಗಾಜಿನ ನಳಿಕೆಯ ಹಿಂದೆ ದಿನಪತ್ರಿಕೆಯ ತುಂಡೊಂದನ್ನು ಹಿಡಿದರೆ ಅಕ್ಷರಗಳು ಕಾಣುವುದಿಲ್ಲ. ಈಗ ಲೈಸೋಜೈಮ್ ಇರುವ ಕೋಳಿಮೊಟ್ಟೆಯ ಬಿಳಿ ಲೋಳೆಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಕೆಲವು ಹನಿ ಹಾಕಿ ಅಲುಗಾಡಿಸಿದರೆ, ನೋಡುತ್ತಿದ್ದಂತೆಯೇ ಮಬ್ಬು ಹರಿಯತೊಡಗುತ್ತದೆ. ಮೊದಲು ದಪ್ಪ ಶೀರ್ಷಿಕೆಯ ಅಕ್ಷರಗಳು, ಆಮೇಲೆ ಸಣ್ಣ ಅಕ್ಷರಗಳು ಓದಲು ಬರುತ್ತವೆ. ಎಷ್ಟು ವರ್ಷ ಮಾಡಿಸಿದರೂ ಈ ಪ್ರಯೋಗ ನನಗೆ ಬೇಸರ ತಂದಿಲ್ಲ, ಏಕೆಂದರೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಒಡೆದು ಕರಗುವುದನ್ನು ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗಗಳು ಹೆಚ್ಚಿಲ್ಲ. ಲೈಸೋಜೈಮಿನ ಚುರುಕನ್ನು ಅಳೆಯುವ ಸಾಂಪ್ರದಾಯಿಕ ವಿಧಾನವೂ ಇದೇ: ಮಬ್ಬು ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬುದನ್ನು ಉಪಕರಣದಿಂದ ಅಳೆಯುತ್ತಾರೆ.

ಇದನ್ನು ಕಂಡುಹಿಡಿದವರು ಯಾರು?

ಅಲೆಕ್ಸಾಂಡರ್ ಫ್ಲೆಮಿಂಗ್. ಪೆನಿಸಿಲಿನ್ ಕಂಡುಹಿಡಿಯುವುದಕ್ಕೆ ಏಳು ವರ್ಷ ಮೊದಲು, 1921ರ ನವೆಂಬರಿನಲ್ಲಿ, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅವರು ನೆಗಡಿಯಾಗಿದ್ದ ತಮ್ಮದೇ ಮೂಗಿನ ಲೋಳೆಯನ್ನು ಬ್ಯಾಕ್ಟೀರಿಯಾ ಬೆಳೆಯುವ ತಟ್ಟೆಯಲ್ಲಿ ಪರೀಕ್ಷಿಸುತ್ತಿದ್ದಾಗ, ಲೋಳೆಯ ಸುತ್ತಮುತ್ತ ಹಳದಿ ಬ್ಯಾಕ್ಟೀರಿಯಾದ ಗುಂಪುಗಳು ಗಾಜಿನಂತೆ ಪಾರದರ್ಶಕವಾಗಿ ಕರಗಿರುವುದು ಅವರ ಕಣ್ಣಿಗೆ ಬಿತ್ತು. ಮುಂದೆ ಕಣ್ಣೀರು, ಜೊಲ್ಲು, ರಕ್ತದ್ರವ, ಮೊಟ್ಟೆಯ ಬಿಳಿ ಎಲ್ಲವನ್ನೂ ಪರೀಕ್ಷಿಸಿದರು. ಕಣ್ಣೀರು ಬರಿಸಲು ನಿಂಬೆಯ ಸಿಪ್ಪೆಯನ್ನು ಕಣ್ಣಿನ ಬಳಿ ಹಿಂಡುವ ಉಪಾಯ ಮಾಡಿದ್ದರು, ಸಹಾಯಕ ವಿ. ಡಿ. ಆಲಿಸನ್ ಮತ್ತು ಪ್ರಯೋಗಾಲಯಕ್ಕೆ ಬಂದುಹೋಗುವವರು ಈ ಕೆಲಸಕ್ಕೆ ಕಣ್ಣೀರು ಕೊಟ್ಟವರಲ್ಲಿ ಸೇರಿದ್ದಾರೆ. 1922ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಕರಗಿಸುವುದು ಮತ್ತು ಕಿಣ್ವ ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಲೈಸೋಜೈಮ್ ಎಂಬ ಹೆಸರನ್ನು ಕೊಟ್ಟವರು ಅವರ ವಿಭಾಗದ ಹಿರಿಯರಾದ ಆಲ್ಮ್ರಾತ್ ರೈಟ್.

ಮೊಟ್ಟೆಯ ಬಿಳಿಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆಯೆಂದು 1909ರಲ್ಲೇ ಲಾಶ್ಚೆಂಕೊ ಎಂಬ ವಿಜ್ಞಾನಿ ಗುರುತಿಸಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ದೇಹದ ಅಷ್ಟೊಂದು ದ್ರವಗಳಲ್ಲಿ ಇರುವುದು ಇದೇ ವಸ್ತುವೆಂದು ಜೋಡಿಸಿ ನೋಡಿದ್ದು ಫ್ಲೆಮಿಂಗ್.

ಪೆನಿಸಿಲಿನ್ನಿಗೂ ಇದಕ್ಕೂ ಸಂಬಂಧವಿದೆಯೇ?

ಚರಿತ್ರೆಯಲ್ಲೂ ಇದೆ, ಕೆಲಸದ ರೀತಿಯಲ್ಲೂ ಇದೆ. ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ 1930ರ ದಶಕದಲ್ಲಿ ಲೈಸೋಜೈಮಿನ ಬೆನ್ನು ಹತ್ತಿದ್ದರು. ಅಲ್ಲಿಯೇ 1937ರಲ್ಲಿ ಮೊಟ್ಟೆಯ ಲೈಸೋಜೈಮನ್ನು ಹರಳುಗಳ ರೂಪದಲ್ಲಿ ಪಡೆಯಲಾಯಿತು. ಇದು ಯಾವುದನ್ನು ಕತ್ತರಿಸುತ್ತದೆ ಎಂಬುದನ್ನು ಬಿಡಿಸುತ್ತಿದ್ದ, ಫ್ಲೋರಿಯವರ ಸಹೋದ್ಯೋಗಿ ಅರ್ನ್ಸ್ಟ್ ಚೈನ್, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಇತರ ನೈಸರ್ಗಿಕ ವಸ್ತುಗಳ ಬಗ್ಗೆ ಓದುತ್ತಾ ಫ್ಲೆಮಿಂಗ್ 1929ರಲ್ಲಿ ಪ್ರಕಟಿಸಿದ್ದ ಪೆನಿಸಿಲಿನ್ ಲೇಖನಕ್ಕೆ ಬಂದರು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂದದ್ದು ಪೆನಿಸಿಲಿನ್ನಿಗೆ; ಆ ದಾರಿಯ ಮೊದಲ ಮೈಲಿಗಲ್ಲು ಮಾತ್ರ ಸಿಂಬಳದಲ್ಲಿದ್ದ ಈ ಕಿಣ್ವ.

ಎರಡರ ಗುರಿಯೂ ಕೋಶಭಿತ್ತಿಯೇ. ಪೆನಿಸಿಲಿನ್ ಹೊಸ ಭಿತ್ತಿಯ ಎಳೆಗಳನ್ನು ಕಟ್ಟುವ ಕೆಲಸವನ್ನು ತಡೆಯುತ್ತದೆ, ಆದ್ದರಿಂದ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳ ಮೇಲೆ ಅದರ ಪ್ರಭಾವ ಹೆಚ್ಚು. ಲೈಸೋಜೈಮ್ ಈಗಾಗಲೇ ಕಟ್ಟಿ ನಿಂತಿರುವ ಭಿತ್ತಿಯನ್ನೇ ಕಡಿಯುತ್ತದೆ. ನಮ್ಮ ಕೋಶಗಳಿಗೆ ಇಂತಹ ಭಿತ್ತಿ ಇಲ್ಲದಿರುವುದರಿಂದ ಎರಡೂ ನಮ್ಮ ಕೋಶಗಳನ್ನು ಒಡೆಯುವುದಿಲ್ಲ.

ಇದರ ಆಕಾರವನ್ನು ತಿಳಿದದ್ದು ಏಕೆ ಅಷ್ಟು ದೊಡ್ಡ ಸುದ್ದಿಯಾಯಿತು?

1965ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಎಕ್ಸ್-ಕಿರಣಗಳ ಸಹಾಯದಿಂದ ಕೋಳಿಮೊಟ್ಟೆಯ ಲೈಸೋಜೈಮಿನ ಮೂರು ಆಯಾಮದ ರಚನೆಯನ್ನು ಬಿಡಿಸಿದರು. ಕಿಣ್ವವೊಂದರ ರಚನೆ ಹೀಗೆ ತಿಳಿದದ್ದು ಅದೇ ಮೊದಲು. ಅಲ್ಲಿಯವರೆಗೆ ಕಿಣ್ವ ಹೇಗೆ ಕೆಲಸ ಮಾಡುತ್ತದೆ ಎಂಬುದು ಹೊರಗಿನಿಂದ ಮಾಡಿದ ಊಹೆಯಾಗಿತ್ತು. ಲೂಯಿಸ್ ಜಾನ್ಸನ್ ಅವರು ಕಿಣ್ವಕ್ಕೆ ಅಂಟಿಕೊಂಡ ಸಕ್ಕರೆಯ ಅಣುಗಳನ್ನೂ ಆ ಸೀಳಿನಲ್ಲಿಯೇ ಗುರುತಿಸಿದ್ದರಿಂದ, ಕತ್ತರಿಯನ್ನೂ ಅದರ ಬಾಯಿಗೆ ಸಿಕ್ಕಿದ ದಾರವನ್ನೂ ಒಟ್ಟಿಗೆ ಕಂಡಂತಾಯಿತು.

ಇಂತಹ ಕಿಣ್ವವಿದ್ದರೂ ನಮಗೆ ಸೋಂಕುಗಳು ಏಕೆ ಬರುತ್ತವೆ?

ಬಹುಶಃ ಈ ಪುಟದ ಅತಿ ಮುಖ್ಯ ಪ್ರಶ್ನೆ ಇದು. ಫ್ಲೆಮಿಂಗ್ ಅವರಿಗೂ ಇದು ಎದುರಾಗಿತ್ತು: ಲೈಸೋಜೈಮ್ ಸುಲಭವಾಗಿ ಕರಗಿಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು, ರೋಗ ತರುವವು ಬಹುಪಾಲು ತಪ್ಪಿಸಿಕೊಳ್ಳುತ್ತವೆ. ಇದನ್ನು ಕಿಣ್ವದ ಸೋಲೆಂದು ತಿಳಿಯುವುದು ನನ್ನ ಮಟ್ಟಿಗೆ ತಪ್ಪು. ಗಾಳಿಯಲ್ಲಿ, ಧೂಳಿನಲ್ಲಿ, ನೀರಿನಲ್ಲಿ ಇರುವ ಅಸಂಖ್ಯ ಬ್ಯಾಕ್ಟೀರಿಯಾಗಳು ನಮ್ಮ ಕಣ್ಣು ಮೂಗುಗಳಿಗೆ ದಿನವೂ ಬೀಳುತ್ತಿದ್ದರೂ ಅವು ರೋಗ ತರುವವುಗಳ ಪಟ್ಟಿಗೆ ಸೇರದಿರಲು ಇಂತಹ ರಕ್ಷಣೆಗಳೇ ಒಂದು ಕಾರಣ. ತಪ್ಪಿಸಿಕೊಳ್ಳಲು ಕಲಿತವುಗಳೇ ರೋಗಕಾರಕಗಳಾಗಿ ಉಳಿದಿವೆ.

ತಪ್ಪಿಸಿಕೊಳ್ಳುವ ದಾರಿಗಳು ಬೇರೆ ಬೇರೆ. ಟೈಫಾಯ್ಡ್, ಕಾಲರಾ ತರುವ ಬ್ಯಾಕ್ಟೀರಿಯಾಗಳು ಮತ್ತು ಈ-ಕೋಲೈ ಗ್ರಾಮ್ ನೆಗೆಟಿವ್ ಗುಂಪಿಗೆ ಸೇರಿದವು. ಅವುಗಳ ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಲೈಸೋಜೈಮ್ ಭಿತ್ತಿಯನ್ನು ಮುಟ್ಟುವುದೇ ಕಷ್ಟ. ಆ ಹೊರಪೊರೆಯನ್ನು ಸಡಿಲಗೊಳಿಸುವ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಕಣ್ಣೀರಿನಲ್ಲೂ ಎದೆಹಾಲಿನಲ್ಲೂ ಜೊತೆಗಿದ್ದಾಗ ಲೈಸೋಜೈಮಿಗೆ ದಾರಿ ತೆರೆಯುತ್ತದೆ. ಕುರು ಮತ್ತು ಕೀವು ತರುವ ಸ್ಟೆಫಿಲೋಕಾಕಸ್ ಆರಿಯಸ್‌ನ ಉಪಾಯ ಬೇರೆ: ತನ್ನ ಭಿತ್ತಿಯ ಸಕ್ಕರೆ ಘಟಕಗಳಿಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪೊಂದನ್ನು ಅಂಟಿಸಿಕೊಳ್ಳುವುದರಿಂದ ಆ ಎಳೆ ಲೈಸೋಜೈಮಿನ ಸೀಳಿನಲ್ಲಿ ಕೂರುವುದಿಲ್ಲ. ಇನ್ನು ವೈರಸ್ಸುಗಳಿಗೆ ಈ ಭಿತ್ತಿಯೇ ಇಲ್ಲ, ಹಾಗಾಗಿ ಮಾಮೂಲಿ ನೆಗಡಿಯ ಸಿಂಬಳದಲ್ಲಿ ಲೈಸೋಜೈಮ್ ಎಷ್ಟೇ ಇದ್ದರೂ ನೆಗಡಿ ತನ್ನ ಕಾಲ ಮುಗಿಸಿಯೇ ಹೋಗುತ್ತದೆ.

ಎದೆಹಾಲಿನಲ್ಲಿ ಇದರ ಮಹತ್ವವೇನು? ಹಸುವಿನ ಹಾಲಿನಲ್ಲೂ ಇದೆಯೇ?

ಇದೆ, ಆದರೆ ಹೋಲಿಸಲಾಗದಷ್ಟು ಕಡಿಮೆ. ಮನುಷ್ಯರ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸಾವಿರಾರು ಪಟ್ಟು ಹೆಚ್ಚು ಲೈಸೋಜೈಮ್ ಇರುತ್ತದೆ. ಇನ್ನೂ ಒಂದು ವಿಷಯ ತಾಯಂದಿರಿಗೆ ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ: ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಎದೆಹಾಲು ಬರೀ ನೀರಾಗುತ್ತದೆ ಎಂದು ಮನೆಯ ಹಿರಿಯರು ಹೇಳುವುದುಂಟು. ಲೈಸೋಜೈಮಿನ ವಿಷಯದಲ್ಲಿ ನಡೆಯುವುದು ಇದರ ತದ್ವಿರುದ್ಧ. ಹಾಲೂಡಿಸುವ ತಿಂಗಳುಗಳು ಕಳೆದಂತೆ ಹಾಲಿನಲ್ಲಿ ಇದರ ಸಾಂದ್ರತೆ ಏರುತ್ತದೆ, ಎರಡನೆಯ ವರ್ಷದಲ್ಲಿಯೂ ಹೆಚ್ಚಾಗಿಯೇ ಇರುತ್ತದೆ. ಮಗು ಅಂಬೆಗಾಲಿಟ್ಟು, ನೆಲದ ಮೇಲಿದ್ದದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುವ ಕಾಲವೂ ಅದೇ.

ಹೆರಿಗೆಯಾದ ಕೂಡಲೇ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಆ ಹಾಲಿನಲ್ಲಿ ಲೈಸೋಜೈಮ್, ಲ್ಯಾಕ್ಟೋಫೆರಿನ್, ರೋಗನಿರೋಧಕ ಪ್ರತಿಕಾಯಗಳು ಒಟ್ಟಿಗಿವೆ. ಹಸು ಕರು ಹಾಕಿದಾಗ ಗಿಣ್ಣುಹಾಲಿಗೆ ಕಾದು ಕೂರುವ ನಾವು ನಮ್ಮ ಕೂಸಿನ ಗಿಣ್ಣುಹಾಲನ್ನು ಚೆಲ್ಲಬಾರದು. ದಯವಿಟ್ಟು ಕುಡಿಸಿ.

ದಾನವಾಗಿ ಬಂದ ಎದೆಹಾಲನ್ನು ಹಾಲಿನ ಬ್ಯಾಂಕುಗಳಲ್ಲಿ 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಟ್ಟು ಶುದ್ಧಗೊಳಿಸುತ್ತಾರೆ. ಇದರಿಂದ ಲೈಸೋಜೈಮಿನ ಚುರುಕು ಒಂದಷ್ಟು ಕಡಿಮೆಯಾಗುವುದು ನಿಜ. ಹಾಗಿದ್ದರೂ ತಾಯಿಯ ಹಾಲು ಸಿಗದ, ದಿನ ತುಂಬದೆ ಹುಟ್ಟಿದ ಮಗುವಿಗೆ ಅದು ಪುಡಿಹಾಲಿಗಿಂತ ಮೇಲು.

ಕಣ್ಣು ಕೆಂಪಾದಾಗ ಎದೆಹಾಲು ಬಿಡಬಹುದೇ? ಗಾಯಕ್ಕೆ ಎಂಜಲು ಹಚ್ಚಬಹುದೇ?

ಬೇಡ. ಎರಡರಲ್ಲೂ ಲೈಸೋಜೈಮ್ ಇದೆ ಎಂಬುದನ್ನು ಹಿಡಿದುಕೊಂಡು, ಹಳೆಯ ಪದ್ಧತಿಗೆ ವಿಜ್ಞಾನದ ಮುದ್ರೆ ಸಿಕ್ಕಿತು ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಆದರೆ ಎದೆಹಾಲು ಕ್ರಿಮಿರಹಿತ ದ್ರವವಲ್ಲ. ಅದರಲ್ಲಿ ಬ್ಯಾಕ್ಟೀರಿಯಾಗಳೂ ಇವೆ, ಅವುಗಳಿಗೆ ಆಹಾರವಾಗುವ ಸಕ್ಕರೆಯೂ ಇದೆ. ಕಣ್ಣಿನಲ್ಲಿ ಲೈಸೋಜೈಮ್ ಆಗಲೇ ಹಾಲಿಗಿಂತ ಸಾಂದ್ರವಾಗಿ ಇರುವಾಗ ಅದರ ಸಲುವಾಗಿ ಹಾಲು ಹನಿಸುವುದಕ್ಕೆ ಅರ್ಥವಿಲ್ಲ. ಜೊಲ್ಲಿನಲ್ಲಂತೂ ಬಾಯಿಯ ನೂರಾರು ಬಗೆಯ ಬ್ಯಾಕ್ಟೀರಿಯಾಗಳಿವೆ, ಮತ್ತು ಅವು ಲೈಸೋಜೈಮಿನ ನಡುವೆಯೇ ಬದುಕಲು ಪಳಗಿದವು.

ನಮ್ಮ ಕಡೆಯ ಒಂದು ಸಂಗತಿಯನ್ನು ಹೇಳಲೇಬೇಕು. ನಾನು ಚಿಕ್ಕವನಿದ್ದಾಗ ಕಣದಲ್ಲಿ ಭತ್ತ ತೂರುತ್ತಿದ್ದ ನೆರೆಯವರೊಬ್ಬರ ಕಣ್ಣಿಗೆ ಹೊಟ್ಟು ಬಡಿಯಿತು. ನೋವು ತಾನಾಗಿ ಹೋಗುತ್ತದೆಂದು ಎಂಟು ದಿನ ಹಾಲು, ಹರಳೆಣ್ಣೆ ಬಿಟ್ಟುಕೊಂಡು ಕುಳಿತರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣು ಹರಡಿತ್ತು, ಆ ಕಣ್ಣಿಗೆ ಮತ್ತೆ ದೃಷ್ಟಿ ಬರಲಿಲ್ಲ. ಬೆಳೆಯ ಕಸ, ಹೊಟ್ಟು, ಕಡ್ಡಿ ತಗುಲಿ ಆಗುವ ಇಂತಹ ಹುಣ್ಣುಗಳಿಗೆ ದಕ್ಷಿಣ ಭಾರತದಲ್ಲಿ ಅನೇಕ ಸಲ ಶಿಲೀಂಧ್ರಗಳೇ ಕಾರಣ. ಶಿಲೀಂಧ್ರದ ಭಿತ್ತಿ ಬೇರೆ ವಸ್ತುಗಳಿಂದ ಆದದ್ದು, ಅದರ ಮೇಲೆ ಲೈಸೋಜೈಮಿನ ಆಟ ಅಷ್ಟಾಗಿ ನಡೆಯುವುದಿಲ್ಲ. ಕಣ್ಣಿಗೆ ಪೆಟ್ಟಾಗಿ ನೋವು, ಕೆಂಪು, ಮಂಜು ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಈರುಳ್ಳಿ ಹೆಚ್ಚುವಾಗ ಬರುವ ಕಣ್ಣೀರಿನಲ್ಲಿಯೂ ಲೈಸೋಜೈಮ್ ಇರುತ್ತದೆಯೇ?

ಇರುತ್ತದೆ. ಲೈಸೋಜೈಮನ್ನು ಸುರಿಸುವುದು ಕಣ್ಣೀರಿನ ಗ್ರಂಥಿಯೇ ಆದ್ದರಿಂದ ನೀರು ಧಾರಾಳವಾಗಿ ಬಂದರೂ ಅದರ ಸಾಂದ್ರತೆ ಹೆಚ್ಚು ಕುಗ್ಗುವುದಿಲ್ಲ. ಕಣ್ಣು ಒಣಗುವ ತೊಂದರೆಯಲ್ಲಿ, ಅದರಲ್ಲೂ ಗ್ರಂಥಿಗೇ ಹಾನಿಯಾಗುವ ಷೋಗ್ರೆನ್ ಕಾಯಿಲೆಯಲ್ಲಿ, ಇದು ಕಡಿಮೆಯಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಲೆನ್ಸಿನ ಮೇಲೆ ಕಟ್ಟುವ ಪ್ರೋಟೀನಿನ ಪದರದಲ್ಲಿ ಲೈಸೋಜೈಮಿನ ಪಾಲು ದೊಡ್ಡದು. ಲೆನ್ಸನ್ನು ಹೇಳಿದ ದ್ರಾವಣದಲ್ಲೇ ತೊಳೆಯಬೇಕೆಂಬುದಕ್ಕೆ ಇದೂ ಒಂದು ಕಾರಣ.

ರಕ್ತ ಪರೀಕ್ಷೆಯಲ್ಲಿ ಲೈಸೋಜೈಮ್ ಹೆಚ್ಚಾಗಿದ್ದರೆ ಏನರ್ಥ?

ವೈದ್ಯರು ಸಾಮಾನ್ಯವಾಗಿ ಬರೆಯುವ ಪರೀಕ್ಷೆ ಇದಲ್ಲ. ಮಾನೋಸೈಟ್ ಎಂಬ ಬಿಳಿರಕ್ತಕಣಗಳ ಕ್ಯಾನ್ಸರಿನಲ್ಲಿ ರಕ್ತದಲ್ಲೂ ಮೂತ್ರದಲ್ಲೂ ಇದು ಬಹಳ ಏರುತ್ತದೆಂದು 1966ರಲ್ಲಿ ಕಂಡುಬಂದಿತು. ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳೇಳುವ ಸಾರ್ಕಾಯ್ಡೋಸಿಸ್ ಕಾಯಿಲೆಯಲ್ಲಿಯೂ ಏರಬಹುದು, ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದಾಗಲೂ ಏರಬಹುದು. ಹಾಗಾಗಿ ಈ ಅಂಕಿಯೊಂದನ್ನೇ ನೋಡಿ ಹೆದರಬಾರದು. ತೀರಾ ಅಪರೂಪಕ್ಕೆ, ಲೈಸೋಜೈಮಿನ ಜೀನಿನಲ್ಲಿಯೇ ದೋಷವಿರುವ ಕುಟುಂಬಗಳಲ್ಲಿ ಆ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಮೂತ್ರಪಿಂಡ, ಯಕೃತ್ತುಗಳಲ್ಲಿ ಎಳೆಗಳಾಗಿ ಶೇಖರವಾಗುತ್ತದೆ. ಇದನ್ನು ಮೊದಲು ವಿವರಿಸಿದ್ದು 1993ರಲ್ಲಿ.

ಪ್ರಾಣಿಗಳಲ್ಲಿಯೂ ಇದು ರಕ್ಷಣೆಗೇ ಬಳಕೆಯಾಗುತ್ತದೆಯೇ?

ಬಹುಮಟ್ಟಿಗೆ ಹೌದು, ಆದರೆ ಹಸು ಇದನ್ನು ಊಟಕ್ಕೂ ಬಳಸಿಕೊಂಡಿದೆ. ಹಸುವಿನ ಹೊಟ್ಟೆಯ ಮುಂಭಾಗದಲ್ಲಿ ಬ್ಯಾಕ್ಟೀರಿಯಾಗಳು ಹುಲ್ಲನ್ನು ಹುದುಗಿಸುತ್ತವೆ. ಆ ಬ್ಯಾಕ್ಟೀರಿಯಾಗಳು ಹಿಂಭಾಗದ ಆಮ್ಲೀಯ ಹೊಟ್ಟೆಗೆ ಜಾರಿದಾಗ ಅಲ್ಲಿರುವ ಲೈಸೋಜೈಮ್ ಅವುಗಳನ್ನು ಒಡೆದು, ಒಳಗಿನ ಸಾರ ಹಸುವಿಗೆ ಸಿಗುವಂತೆ ಮಾಡುತ್ತದೆ. ನಮ್ಮ ಬಂಡೀಪುರದಲ್ಲಿ, ಹಂಪಿಯ ಬಂಡೆಗಳ ಮೇಲೆ ಕಾಣುವ ಉದ್ದ ಬಾಲದ, ಕಪ್ಪು ಮುಖದ ಮುಸುವ ಕೂಡ ಎಲೆ ತಿಂದು ಹೊಟ್ಟೆಯ ಮುಂಭಾಗದಲ್ಲಿ ಹುದುಗಿಸುವ ಪ್ರಾಣಿ. ಈ ಜಾತಿಯ ಕೋತಿಯ ಹೊಟ್ಟೆಯ ಲೈಸೋಜೈಮನ್ನು ಹಸುವಿನದರೊಂದಿಗೆ ಹೋಲಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ನೆಂಟಸ್ತಿಕೆಯಿಲ್ಲದ ಈ ಎರಡು ಪ್ರಾಣಿಗಳ ಕಿಣ್ವಗಳಲ್ಲಿ ಒಂದೇ ಬಗೆಯ ಕೆಲವು ಬದಲಾವಣೆಗಳು ಬೇರೆ ಬೇರೆಯಾಗಿ ಉಂಟಾಗಿರುವುದು ಕಂಡಿತು. ಆಮ್ಲವನ್ನೂ ಜೀರ್ಣರಸವನ್ನೂ ತಡೆದುಕೊಳ್ಳಲು ಬೇಕಾದ ಬದಲಾವಣೆಗಳವು. ಹಣ್ಣು ಕಾಳು ಕಿತ್ತು ತಿನ್ನುವ ನಮ್ಮ ಮಾಮೂಲಿ ಮಂಗಕ್ಕೆ ಅಂತಹ ಹೊಟ್ಟೆ ಇಲ್ಲ.

ಹಸಿ ಮೊಟ್ಟೆ ತಿಂದರೆ ದೇಹದಲ್ಲಿ ಲೈಸೋಜೈಮ್ ಹೆಚ್ಚುತ್ತದೆಯೇ?

ಇಲ್ಲ. ತಿಂದ ಕಿಣ್ವ ಕಣ್ಣಿಗೋ ಮೂಗಿಗೋ ತಲುಪುವುದಿಲ್ಲ. ನಮಗೆ ಬೇಕಾದ ಲೈಸೋಜೈಮನ್ನು ನಮ್ಮ ಕೋಶಗಳೇ ತಯಾರಿಸುತ್ತವೆ. ಹಸಿ ಮೊಟ್ಟೆಯಲ್ಲಿ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ ಅಪಾಯ ಬೇರೆ.

ಚೀಸಿನ ಪೊಟ್ಟಣದ ಮೇಲೆ ಲೈಸೋಜೈಮ್ ಎಂದು ಬರೆದಿರುವುದೇಕೆ?

ಇಟಲಿಯ ಗ್ರಾನಾ ಪದಾನೊ ಮುಂತಾದ ಗಟ್ಟಿ ಚೀಸುಗಳನ್ನು ತಿಂಗಳುಗಟ್ಟಲೆ ಮಾಗಿಸುವಾಗ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾವೊಂದು ಅನಿಲ ಹುಟ್ಟಿಸಿ ಚೀಸನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಅದನ್ನು ತಡೆಯಲು ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೋಜೈಮನ್ನು ಹಾಲಿಗೆ ಸೇರಿಸುತ್ತಾರೆ. ಪಾರ್ಮಿಜಾನೊ ರೆಜಾನೊ ಚೀಸಿನಲ್ಲಿ ಮಾತ್ರ ಇದನ್ನು ಬಳಸಲು ಅನುಮತಿಯಿಲ್ಲ. ಪೊಟ್ಟಣದ ಮೇಲೆ ಇದು ಹೆಸರಿನಿಂದಲೋ ಇ 1105 ಎಂಬ ಸಂಖ್ಯೆಯಿಂದಲೋ ನಮೂದಾಗಿರುತ್ತದೆ. ಮೊಟ್ಟೆಯ ಅಲರ್ಜಿ ಇರುವವರಲ್ಲಿ ಕೆಲವರಿಗೆ ಲೈಸೋಜೈಮೇ ಅಲರ್ಜಿ ತರುವ ಪ್ರೋಟೀನು, ಆದ್ದರಿಂದ ಅವರೂ, ಮೊಟ್ಟೆ ಮುಟ್ಟದ ಸಸ್ಯಾಹಾರಿಗಳೂ ಹೊರದೇಶದ ಚೀಸು ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಈ ಹೆಸರನ್ನು ಅಥವಾ ಸಂಖ್ಯೆಯನ್ನು ಹುಡುಕಿ ನೋಡಬೇಕು.